ಪೆನ್ನಿಗೆ ಹಿಡಿದ ಮಸಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೆಯಲ್ಲಿ ಬಾಗಿದ ನಿಬ್ ಸರಿಮಾಡುವ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಬೇರೊಂದು ತೊಂದರೆ ಹೇಳಿವೆ: ಲೋಹದ ಪೆನ್ನಿನ ಮೇಲೆ ಕೂತ ಮಸಿ ಏನು ಮಾಡಿದರೂ ಬಿಡುತ್ತಿಲ್ಲ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಹೊಸ ಓದುಗರಿಗಾಗಿ ನನ್ನ ಬಗ್ಗೆ ಎರಡು ಮಾತು. ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು ನಾನು. ಪೆನ್ನು ಬಿಚ್ಚಿ ಜೋಡಿಸುವುದನ್ನು ಕಲಿತದ್ದು ಅದಕ್ಕೂ ಮೊದಲು, ಅಪ್ಪನ ಗಡಿಯಾರ-ಪೆನ್ನು ರಿಪೇರಿ ಅಂಗಡಿಯಲ್ಲಿ. ಮಸಿಯಿಂದ ಕೆಟ್ಟ ಪೆನ್ನಿಗಿಂತ ಮಸಿ ತೆಗೆಯಲು ಹೋಗಿ ಕೆಡಿಸಿದ ಪೆನ್ನನ್ನೇ ಆ ಅಂಗಡಿಯಲ್ಲಿ ಹೆಚ್ಚು ನೋಡಿದ್ದೇನೆ. ಆದ್ದರಿಂದ ಯಾವ ಲೋಹ, ಯಾವ ಮಸಿ ಎಂದು ಮೊದಲು ಗುರುತು ಹಿಡಿಯೋಣ. ಔಷಧಿ ಆಮೇಲೆ.

ಪ್ರಶ್ನೆ: ನಮ್ಮ ತಂದೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅವರ ಸ್ಟೀಲ್ ಮೈಯ ಇಂಕ್ ಪೆನ್ನು ಈಗ ನನ್ನ ಹತ್ತಿರ ಇದೆ. ಬೆರಳು ಹಿಡಿಯುವ ಜಾಗವೂ ಸ್ಟೀಲೇ. ಅಲ್ಲಿ, ನಿಬ್ಬಿನ ಬುಡದ ಸುತ್ತ, ಕಪ್ಪು-ನೀಲಿ ಕಲೆ ಕೂತಿದೆ. ಸೋಪು, ಟೂತ್‌ಪೇಸ್ಟ್ ಎರಡರಲ್ಲೂ ಉಜ್ಜಿದೆ. ಸ್ವಲ್ಪ ತಿಳಿಯಾಗುತ್ತದೆ, ಎರಡು ದಿನ ಬರೆದರೆ ಮತ್ತೆ ಅದೇ ಜಾಗದಲ್ಲಿ ಮಸಿ. ಬಚ್ಚಲಿಗೆ ಹಾಕುವ ಬ್ಲೀಚಿಂಗ್ ದ್ರಾವಣದಲ್ಲಿ ಅದ್ದಿಟ್ಟರೆ ಹೋಗುತ್ತದೆ ಅಂತ ಮಗ ಹೇಳುತ್ತಾನೆ. ಅದ್ದಲೇ?
— ಓದುಗರೊಬ್ಬರು, ಹಾಸನ

ಉತ್ತರ: ದಯವಿಟ್ಟು ಅದ್ದಬೇಡಿ. ಬ್ಲೀಚಿಂಗ್ ದ್ರಾವಣದಲ್ಲಿ ಇರುವುದು ಸೋಡಿಯಂ ಹೈಪೋಕ್ಲೋರೈಟ್. ಬಣ್ಣವನ್ನು ಅದು ಸುಡುತ್ತದೆ ನಿಜ. ಅದರ ಜೊತೆಗೆ ಸ್ಟೀಲಿನ ಮೇಲಿರುವ ಕಾಣದಷ್ಟು ತೆಳುವಾದ ರಕ್ಷಣೆಯ ಪದರವನ್ನೂ ಅಲ್ಲಲ್ಲಿ ಮುರಿದು ಸೂಜಿ ಚುಚ್ಚಿದಂಥ ಗುಳಿ ಮಾಡುತ್ತದೆ. ಆ ಗುಳಿ ಮತ್ತೆ ಮುಚ್ಚುವುದಿಲ್ಲ, ಮಸಿ ಹೋಗಿ ಕೂರುವುದೂ ಅಲ್ಲೇ. ಇನ್ನೊಂದು ಮಾತು, ಇದು ಪೆನ್ನಿಗಿಂತ ದೊಡ್ಡದು: ಬ್ಲೀಚಿಂಗ್ ದ್ರಾವಣಕ್ಕೆ ನಿಂಬೆರಸ, ವಿನೆಗರ್, ಅಮೋನಿಯಾ ಯಾವುದನ್ನೂ ಸೇರಿಸಬಾರದು. ಹುಳಿ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಅಮೋನಿಯಾ ಸೇರಿದರೆ ಕ್ಲೋರಮೈನ್. ಎರಡೂ ಶ್ವಾಸಕೋಶಕ್ಕೆ ವಿಷ. ಮಗನಿಗೆ ಇದನ್ನು ಖಂಡಿತ ಹೇಳಿ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು "ಎರಡು ದಿನ ಬರೆದರೆ ಮತ್ತೆ ಅದೇ ಜಾಗದಲ್ಲಿ" ಎಂಬ ಮಾತು. ಹಳೆಯ ಕಲೆ ಹಾಗೆ ಹೋಗಿ ಬರುವುದಿಲ್ಲ. ಎಲ್ಲಿಂದಲೋ ಹೊಸ ಮಸಿ ಬರುತ್ತಿದೆ. ಕ್ಯಾಪಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ಪೆನ್ನು ಜೇಬಿನಲ್ಲಿ, ಚೀಲದಲ್ಲಿ ಕುಲುಕಿದಾಗ ನಿಬ್ಬಿನಿಂದ ಹನಿ ಹಾರಿ ಒಳಗೋಡೆಗೆ ಅಂಟುತ್ತದೆ. ಅನೇಕ ಲೋಹದ ಕ್ಯಾಪುಗಳ ಒಳಗೆ ಪ್ಲಾಸ್ಟಿಕ್‌ನ ಇನ್ನೊಂದು ಚಿಕ್ಕ ಕ್ಯಾಪ್ ಇರುತ್ತದೆ. ಆ ಎರಡರ ನಡುವಿನ ಸಂದಿಯಲ್ಲಿ ವರ್ಷಗಟ್ಟಲೆ ಮಸಿ ಒಣಗಿ ಕೂತಿರುತ್ತದೆ. ನೀವು ಒರೆಸಿ ಕ್ಯಾಪ್ ಹಾಕುತ್ತೀರಿ, ನಿಬ್ಬಿನ ತೇವಕ್ಕೆ ಒಣಗಿದ ಮಸಿ ಕರಗುತ್ತದೆ, ಹಿಡಿಯುವ ಜಾಗಕ್ಕೆ ಉಂಗುರದ ಹಾಗೆ ಮೆತ್ತಿಕೊಳ್ಳುತ್ತದೆ. ಅದಕ್ಕೇ ಕೆಲಸ ಕ್ಯಾಪಿನಿಂದ ಶುರುವಾಗಲಿ. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಸೂಜಿಯಿಲ್ಲದ ಸಿರಿಂಜಿನಿಂದ ಕ್ಯಾಪಿನೊಳಕ್ಕೆ ರಭಸವಾಗಿ ಬಿಡಿ, ಚೆಲ್ಲಿ, ಮತ್ತೆ ಬಿಡಿ. ಬರುವ ನೀರು ತಿಳಿಯಾಗುವ ತನಕ ಮಾಡಿ. ಆಮೇಲೆ ಬರಿಯ ನೀರಲ್ಲಿ ತೊಳೆದು, ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಒಳಗೋಡೆ ಒರೆಸಿ. ಕಡ್ಡಿ ಬೆಳ್ಳಗೇ ಹೊರಬಂದರೆ ಕ್ಯಾಪ್ ಶುದ್ಧವಾಗಿದೆ ಎಂದರ್ಥ. ಇಡೀ ರಾತ್ರಿ ಬಾಯಿ ಕೆಳಗೆ ಮಾಡಿ ಒಣಗಲು ಬಿಡಿ. ತೇವ ಇರುವ ಕ್ಯಾಪ್ ಹಾಕಿದರೆ ಸ್ಟೀಲ್ ಕ್ಲಿಪ್ಪಿನ ಬುಡ ತುಕ್ಕು ಹಿಡಿಯುತ್ತದೆ.

ಈಗ ಕಲೆಗೆ ಬರೋಣ. ಒದ್ದೆ ಮಾಡಿದ ಬಿಳಿ ಹತ್ತಿಯ ತುಂಡನ್ನು ಕಲೆಯ ಮೇಲೆ ಹತ್ತು ನಿಮಿಷ ಒತ್ತಿ ಇಡಿ. ಉಜ್ಜಬೇಡಿ. ಹತ್ತಿಗೆ ಬಣ್ಣ ಇಳಿದರೆ ಅದು ಮಸಿ, ನೀರಿಗೇ ಬಿಡುತ್ತದೆ, ಹತ್ತಿ ಬದಲಿಸುತ್ತಾ ಹೋದರೆ ಸಾಕು. ಬಣ್ಣ ಇಳಿಯದೆ, ಉಗುರು ಎಳೆದಾಗ ತಗ್ಗು ತಗಲಿದರೆ ಅದು ಲೋಹ ತಿಂದುಹೋದ ಗುರುತು. ಅದಕ್ಕೆ ಯಾವ ದ್ರವವೂ ಔಷಧಿಯಲ್ಲ. ಬಣ್ಣ ಇಳಿಯದೆ, ತಗ್ಗೂ ಇಲ್ಲದೆ, ಕಪ್ಪಗೆ ಪೊರೆಯಂತೆ ಕೂತಿದ್ದರೆ ನನಗೆ ಮೂರನೆಯ ಅನುಮಾನ ಬರುತ್ತದೆ, ಅದರಲ್ಲೂ ಕಂದಾಯ ದಾಖಲೆ ಬರೆದವರ ಪೆನ್ನು ಎಂದಾಗ.

ಕಡತದಲ್ಲಿ ಅಳಿಯದೆ ಉಳಿಯಬೇಕಾದ ಬರಹಕ್ಕೆ ಕಬ್ಬಿಣದ ಮಸಿ ಬಳಸುವ ರೂಢಿ ಬಹಳ ಹಳೆಯದು. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿದರೆ ಕಪ್ಪಾಗುವುದನ್ನು ನಮ್ಮ ಹಿರಿಯರು ಬಲ್ಲರು. ಕಾಯಿಯಲ್ಲಿರುವ ಟ್ಯಾನಿನ್ ಮತ್ತು ಅನ್ನಭೇದಿಯಲ್ಲಿರುವ ಕಬ್ಬಿಣ ಸೇರಿ ಆಗುವ ಬಣ್ಣ ಅದು. ಇಂಗ್ಲೆಂಡಿನ ರಿಜಿಸ್ಟ್ರಾರರ ಮಸಿಯೂ ಇದೇ ಜಾತಿ. ಈಗಲೂ ಬಾಟಲಿಯಲ್ಲಿ ಸಿಗುವ ಪೆಲಿಕಾನ್ 4001 ಬ್ಲೂ-ಬ್ಲ್ಯಾಕ್ ಕೂಡ ಇದೇ. ಬರೆಯುವಾಗ ತೆಳು ನೀಲಿ, ಗಾಳಿ ತಗುಲಿದ ಮೇಲೆ ಒಳಗಿನ ಕಬ್ಬಿಣ ಆಮ್ಲಜನಕ ಹೀರಿಕೊಂಡು ನೀರಲ್ಲಿ ಕರಗದ ಕಪ್ಪಾಗುತ್ತದೆ. ಕಾಗದದ ಮೇಲೆ ಅದು ಗುಣ, ಪೆನ್ನಿನ ಮೇಲೆ ಕಷ್ಟ. ಸೋಪಿಗೂ ಜಗ್ಗುವುದಿಲ್ಲ. ಅಮೋನಿಯಾದಂಥ ಕ್ಷಾರ ಹಾಕಿದರೆ ಕಬ್ಬಿಣ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ.

ಇದಕ್ಕೆ ಬೇಕಾದದ್ದು ವಿಟಮಿನ್ ಸಿ, ಅಂದರೆ ಆಸ್ಕಾರ್ಬಿಕ್ ಆಮ್ಲ. ಕಪ್ಪು ಕಬ್ಬಿಣವನ್ನು ಅದು ಮತ್ತೆ ನೀರಲ್ಲಿ ಕರಗುವ ರೂಪಕ್ಕೆ ತಿರುಗಿಸುತ್ತದೆ. ಔಷಧಿ ಅಂಗಡಿಯ ಅಗಿಯುವ ಕಿತ್ತಳೆ ಮಾತ್ರೆಯಲ್ಲಿ ಸಕ್ಕರೆ, ಬಣ್ಣ ಎರಡೂ ಇರುತ್ತವೆ. ಬಣ್ಣವಿಲ್ಲದ ಸಾದಾ ಮಾತ್ರೆ ಅಥವಾ ಪುಡಿ ಕೇಳಿ ತನ್ನಿ. 500 ಮಿಲಿಗ್ರಾಂ ಪುಡಿಯನ್ನು 30 ಮಿಲಿಲೀಟರ್ ನೀರಿನಲ್ಲಿ ಕರಗಿಸಿ, ಹತ್ತಿಯಲ್ಲಿ ಅದ್ದಿ ಕಲೆಯ ಮೇಲೆ ಹದಿನೈದು ನಿಮಿಷ ಇಡಿ. ಕಪ್ಪು ತಿಳಿಯಾಗುವುದು ಕಣ್ಣಿಗೇ ಕಾಣುತ್ತದೆ. ಸ್ವಲ್ಪ ಉಳಿದರೆ ಹೊಸ ಹತ್ತಿಯಿಂದ ಇನ್ನೊಂದು ಸಲ. ಮುಗಿದ ಮೇಲೆ ನಲ್ಲಿಯ ಕೆಳಗೆ ಚೆನ್ನಾಗಿ ತೊಳೆದು, ಹತ್ತಿ ಬಟ್ಟೆಯಿಂದ ಒರೆಸಿ. ಹುಳಿ ಯಾವುದೂ ಪೆನ್ನಿನ ಮೇಲೆ ಉಳಿಯಬಾರದು.

ಟೂತ್‌ಪೇಸ್ಟ್ ಬೇಡ ಅನ್ನುವುದಕ್ಕೆ ಕಾರಣವಿದೆ. ಅದರೊಳಗೆ ಹಲ್ಲು ಉಜ್ಜಲು ನುಣುಪಾದ ಮರಳಿನಂಥ ಸಿಲಿಕಾ ಅಥವಾ ಸುಣ್ಣದ ಪುಡಿ ಇರುತ್ತದೆ. ನಿಮ್ಮದು ಗೆರೆಗೆರೆಯಾಗಿ ಮಂಕು ಹೊಳಪು ಕೊಟ್ಟ ಸ್ಟೀಲ್ ಇರಬೇಕು, ಆ ಕಾಲದ ಕಚೇರಿ ಪೆನ್ನುಗಳು ಹೆಚ್ಚಾಗಿ ಹಾಗೇ ಇರುತ್ತಿದ್ದವು. ಪೇಸ್ಟು ಆ ಗೆರೆಗಳನ್ನು ಅಲ್ಲಲ್ಲಿ ನುಣ್ಣಗೆ ಮಾಡಿ ಮಚ್ಚೆ ಬೀಳಿಸುತ್ತದೆ. ಗೆರೆಗಳಲ್ಲಿ ಸೇರಿದ ಮಸಿಗೆ ಮೃದುವಾದ ಮಕ್ಕಳ ಬ್ರಷ್ ಹಿಡಿದು ಗೆರೆ ಹೋದ ದಿಕ್ಕಿನಲ್ಲೇ ಸವರಿ, ಅಡ್ಡಡ್ಡ ಬೇಡ. ಮೈಯೂ ಹಿಡಿಯುವ ಜಾಗವೂ ಅಪ್ಪಟ ಸ್ಟೀಲ್ ಆಗಿದ್ದರೆ ಕೊನೆಯಲ್ಲಿ ಹತ್ತಿಗೆ ಒಂದೆರಡು ಹನಿ ಸರ್ಜಿಕಲ್ ಸ್ಪಿರಿಟ್ ಹಾಕಿ ಹೊರಮೈ ಒರೆಸಬಹುದು. ನಿಬ್ಬಿನ ಕೆಳಗಿದ್ದು ಅದಕ್ಕೆ ಮಸಿ ಹರಿಸುವ ಕಪ್ಪು ತುಂಡಾದ ಫೀಡಿಗೆ, ಪ್ಲಾಸ್ಟಿಕ್ ಭಾಗಕ್ಕೆ, ಬಣ್ಣ ಬಳಿದ ಮೈಗೆ ಸ್ಪಿರಿಟ್ ತಾಕಬಾರದು. ಥಿನ್ನರ್, ನೇಲ್ ಪಾಲಿಶ್ ತೆಗೆಯುವ ದ್ರವವಂತೂ ಪೆನ್ನಿನ ಹತ್ತಿರವೇ ಬರಬಾರದು.

ಇಷ್ಟಾದ ಮೇಲೆ ಮಸಿ ತುಂಬುವ ರೀತಿಯನ್ನೂ ನೋಡಿಕೊಳ್ಳಿ. ನಿಬ್ಬು ಮುಳುಗುವಷ್ಟೇ ಬಾಟಲಿಗೆ ಇಳಿಸಿ, ಮೇಲೆತ್ತಿದ ತಕ್ಷಣ ಬುಡದ ಉಂಗುರವನ್ನು ಒರೆಸಿ. ಆ ಸಂದಿಯಲ್ಲಿ ನಿಂತ ಹನಿಯೇ ಲೋಹವನ್ನು ತಿನ್ನುವುದು. ಕಬ್ಬಿಣದ ಮಸಿಯಲ್ಲಿ ಆಮ್ಲ ಇದ್ದೇ ಇರುತ್ತದೆ. ತಂದೆಯವರ ಪೆನ್ನಿಗೆ ಇನ್ನು ಮೇಲೆ ತೊಳೆದರೆ ಹೋಗುವ ರಾಯಲ್ ಬ್ಲೂ ಹಾಕಿ ಬರೆಯಿರಿ.

ಪ್ರಶ್ನೆ: ಮೇಲ್ಲೇಪ ಇಲ್ಲದ ಹಿತ್ತಾಳೆ ಪೆನ್ನು ಕೊಂಡಿದ್ದೇನೆ. ಮಸಿ ಬಿದ್ದ ಜಾಗ ಕಂದು, ಕೆಲವು ಕಡೆ ಹಸಿರು. ದೇವರ ದೀಪದ ಹಾಗೆ ಹುಣಸೆಹಣ್ಣು-ಉಪ್ಪು ಹಾಕಿ ತಿಕ್ಕು ಅಂತ ಅಮ್ಮ, ಅಮೋನಿಯಾ ನೀರಲ್ಲಿ ರಾತ್ರಿ ನೆನೆಸು ಅಂತ ಗೆಳೆಯ. ಯಾರ ಮಾತು ಕೇಳಲಿ?
— ಯುವ ಓದುಗ, ಕೋಲಾರ

ಉತ್ತರ: ಅರ್ಧ ಅಮ್ಮನ ಮಾತು ಕೇಳಪ್ಪ, ಉಪ್ಪು ಬಿಟ್ಟು. ಹುಣಸೆಯ ಹುಳಿ ಹಿತ್ತಾಳೆಯ ಮೇಲಿನ ಕಿಲುಬನ್ನು ಕರಗಿಸುತ್ತದೆ. ಹಸಿರು ಕಾಣುತ್ತಿರುವುದು ಮಸಿಯಲ್ಲ, ತಾಮ್ರದ ಕಿಲುಬು. ದೀಪವನ್ನು ತಿಕ್ಕಿ ಬೂದಿ ಹಾಕಿ ಒರೆಸಿ ಒಣಗಿಸುತ್ತೇವೆ. ಪೆನ್ನಿನಲ್ಲಿ ತಿರುಪಿನ ಸಂದಿಗಳಿವೆ, ಉಪ್ಪು ಅಲ್ಲಿ ಉಳಿದು ಮತ್ತೆ ಕಿಲುಬು ತರಿಸುತ್ತದೆ. ನಿಬ್ಬು, ಫೀಡು, ಮಸಿ ಎಳೆದು ತುಂಬಿಕೊಳ್ಳುವ ಕೊಳವೆಯಾದ ಕನ್ವರ್ಟರ್ ಎಲ್ಲ ಬಿಚ್ಚಿ ಪಕ್ಕಕ್ಕಿಟ್ಟು, ಸೋಸಿದ ತಿಳಿ ಹುಣಸೆ ರಸವನ್ನು ಬಟ್ಟೆಯಲ್ಲಿ ಅದ್ದಿ ಹೊರಮೈಗೆ ಸವರಿ, ಒಂದೆರಡು ನಿಮಿಷದಲ್ಲೇ ತೊಳೆದುಬಿಡು. ಹೆಚ್ಚು ಹೊತ್ತು ಬಿಟ್ಟರೆ ಮೇಲ್ಮೈಯ ಸತು ಕರಗಿ ತಾಮ್ರದ ಕೆಂಪು ಮಚ್ಚೆ ಏಳುತ್ತದೆ. ನಿಮ್ಮೂರಿನ ಬೋರ್‌ವೆಲ್ ನೀರು ಗಡಸು. ಕೊನೆಯ ತೊಳೆತಕ್ಕೆ ಡಿಸ್ಟಿಲ್ಡ್ ವಾಟರ್ ಬಳಸಿದರೆ ಬಿಳಿ ಕಲೆ ನಿಲ್ಲುವುದಿಲ್ಲ. ಇನ್ವರ್ಟರ್ ಬ್ಯಾಟರಿಗೆ ತುಂಬುವ ನೀರು ಅಂತ ಕೇಳಿದರೆ ಕೊಡುತ್ತಾರೆ. ಬ್ಯಾಟರಿ ಆಸಿಡ್ ಬೇರೆ, ಡಬ್ಬಿಯ ಮೇಲಿನ ಚೀಟಿ ಓದಿಯೇ ತರಬೇಕು.

ಗೆಳೆಯನ ಮಾತು ಬೇಡ. ಪ್ಲಾಸ್ಟಿಕ್ ಪೆನ್ನಿನ ಒಳಗೆ ಗಟ್ಟಿಯಾದ ಮಸಿಗೆ ತೀರಾ ತೆಳುಮಾಡಿದ ಅಮೋನಿಯಾ ನೀರು ಹಾಯಿಸುವುದುಂಟು, ಕೆಲಸವೂ ಆಗುತ್ತದೆ. ಹಿತ್ತಾಳೆಗೆ ಮಾತ್ರ ಅದು ಶತ್ರು. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯದ ತೋಟಾಗಳ ಹಿತ್ತಾಳೆ ಕೋಶಗಳು ಮಳೆಗಾಲದಲ್ಲಿ ತಾವಾಗಿ ಸೀಳು ಬಿಡುತ್ತಿದ್ದವು. ಅವನ್ನು ಇಡುತ್ತಿದ್ದದ್ದು ಕುದುರೆ ಲಾಯದಲ್ಲಿ. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ, ಮಳೆಗಾಲದ ತೇವ, ಎಳೆದು ಕೊಳವೆ ಮಾಡುವಾಗ ಲೋಹದಲ್ಲಿ ಉಳಿದ ಬಿಗಿತ, ಈ ಮೂರೂ ಸೇರಿದರೆ ಹಿತ್ತಾಳೆ ಬಿರಿಯುತ್ತದೆ ಎಂದು 1921ರಲ್ಲಿ ವಿವರಣೆ ಸಿಕ್ಕಿತು. ತರಗತಿಯಲ್ಲಿ ಈ ಕತೆ ಹೇಳಿದಾಗ ಹಿಂದಿನ ಬೆಂಚಿನವರೂ ತಲೆ ಎತ್ತಿ ಕೇಳುತ್ತಿದ್ದರು. ನಿನ್ನ ಪೆನ್ನಿನ ಮೈಯೂ ಹಿತ್ತಾಳೆಯ ಕೊಳವೆಯೇ. ಅದನ್ನು ರಾತ್ರಿಯಿಡೀ ಅಮೋನಿಯಾದಲ್ಲಿ ನೆನೆಸುವ ಯೋಚನೆ ಬಿಟ್ಟುಬಿಡು. ಹೊರಗಿನಿಂದ ಕ್ರೋಮಿಯಂ ಹೊಳೆಯುವ ಎಷ್ಟೋ ಪೆನ್ನುಗಳ ಒಳಗೂ ಹಿತ್ತಾಳೆಯೇ ಇರುತ್ತದೆ, ಅವಕ್ಕೂ ಇದೇ ಮಾತು.

ಪ್ರಶ್ನೆ: ಅಜ್ಜನ ಹೀರೋ ಪೆನ್ನು. ನಿಬ್ಬಿನ ತುದಿ ಮಾತ್ರ ಕಾಣುತ್ತದೆ, ಉಳಿದದ್ದು ಮುಚ್ಚಿದೆ. ಒಳಗೆ ಮಸಿ ಒಣಗಿ ಬರೆಯುವುದೇ ಇಲ್ಲ. ಚಿನ್ನದ ಬಣ್ಣದ ಕ್ಯಾಪಿನ ಮೇಲೂ ಕಲೆ. ಕುದಿಯುವ ನೀರಿಗೆ ಹಾಕಲೇ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಕುದಿಯುವ ನೀರು ಬೇಡವಮ್ಮ, ಮುಸುಕಿನ ಪ್ಲಾಸ್ಟಿಕ್ಕು ಸೊಟ್ಟಗಾಗುತ್ತದೆ. 1941ರಲ್ಲಿ ಬಂದ ಪಾರ್ಕರ್ 51 ಈ ಮುಸುಕಿನ ನಿಬ್ಬನ್ನು ಹೆಸರುವಾಸಿ ಮಾಡಿತು, ನಿಮ್ಮಜ್ಜನ ಪೆನ್ನೂ ಅದೇ ದಾರಿಯದು. ಮುಸುಕಿನ ಒಳಗೆ ಬಾಚಣಿಗೆಯ ಹಲ್ಲುಗಳಂತೆ ಸಂದಿಗಳಿದ್ದು ಮಸಿ ಅಲ್ಲೆಲ್ಲ ಗಟ್ಟಿಯಾಗಿರುತ್ತದೆ. ಚಿಕ್ಕ ಲೋಟದಲ್ಲಿ ತಣ್ಣೀರು ಹಾಕಿ, ಲೋಹದ ಉಂಗುರದ ಕೆಳಗಿನ ತನಕ ಮಾತ್ರ ಮುಳುಗುವಂತೆ ಪೆನ್ನನ್ನು ನಿಲ್ಲಿಸಿ ರಾತ್ರಿ ಬಿಡಿ. ಬೆಳಿಗ್ಗೆ ಹಿಂದಿನ ರಬ್ಬರ್ ಟ್ಯೂಬನ್ನು ಒತ್ತಿ ಒತ್ತಿ ನೀರು ಎಳೆದು ಬಿಡಿ. ಮರುದಿನವೂ ಹಾಗೇ ಮಾಡಿ. ಕೊನೆಗೆ ಮಡಚಿದ ಟಿಶ್ಯೂ ಕಾಗದದ ಮೇಲೆ ನಿಬ್ಬು ಊರಿ ನಿಲ್ಲಿಸಿದರೆ ಉಳಿದ ಮಸಿನೀರನ್ನು ಕಾಗದವೇ ಹೀರುತ್ತದೆ.

ಚಿನ್ನದ ಬಣ್ಣದ ಕ್ಯಾಪನ್ನು ಒದ್ದೆ ಬಟ್ಟೆಯಿಂದ ಒತ್ತಿ ಒರೆಸಿ, ಅಷ್ಟೇ. ಆ ಲೇಪ ಕೂದಲೆಳೆಗಿಂತ ಎಷ್ಟೋ ಪಟ್ಟು ತೆಳು. ಹಿತ್ತಾಳೆ ಪಾಲಿಶ್ ಹಾಕಿ ತಿಕ್ಕಿದರೆ ಕಲೆಯ ಜೊತೆ ಚಿನ್ನವೂ ಹೋಗುತ್ತದೆ.

ಪ್ರಶ್ನೆ: ಶಿಕ್ಷಕಿ ನಾನು. ಚುನಾವಣಾ ಕರ್ತವ್ಯದಲ್ಲಿದ್ದಾಗ ಬೆರಳಿಗೆ ಹಚ್ಚುವ ಶಾಯಿ ನನ್ನ ಪೆನ್ನಿನ ಮೇಲೆ ಚೆಲ್ಲಿತು. ಕ್ರೋಮಿಯಂ ಕ್ಯಾಪಿನ ಮೇಲೆ ಕಪ್ಪು ಕಂದು ಮಚ್ಚೆ, ಕ್ಲಿಪ್ಪಿನ ಹತ್ತಿರ ಲೇಪ ಸವೆದ ಜಾಗದಲ್ಲಿ ಇನ್ನೂ ಕಪ್ಪು. ಇದು ಹೋಗುವ ಶಾಯಿಯೇ?
— ಓದುಗರೊಬ್ಬರು, ಬಳ್ಳಾರಿ

ಉತ್ತರ: ಮೇಡಂ, ಇದು ನಾನು ಇದುವರೆಗೆ ಹೇಳಿದ ಯಾವ ಮಸಿಯ ಜಾತಿಗೂ ಸೇರಿದ್ದಲ್ಲ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ ಶುರುವಾದ ಮೈಸೂರಿನ ಕಾರ್ಖಾನೆ, ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, 1962ರ ಚುನಾವಣೆಯಿಂದ ಈ ಶಾಯಿ ತಯಾರಿಸಿ ಕೊಡುತ್ತಿದೆ. ಇದರ ಜೀವ ಸಿಲ್ವರ್ ನೈಟ್ರೇಟ್. ಚರ್ಮದ ಉಪ್ಪಿಗೂ ಬೆಳಕಿಗೂ ಸಿಕ್ಕಿ ಕಪ್ಪಾಗುತ್ತದೆ, ಚರ್ಮ ಉದುರಿದ ಮೇಲಷ್ಟೇ ಹೋಗುತ್ತದೆ.

ಪೆನ್ನಿನ ಮೇಲೆ ಎರಡು ಬೇರೆ ಸಂಗತಿ ನಡೆದಿವೆ. ಕ್ರೋಮಿಯಂ ಗಟ್ಟಿಯಾಗಿರುವ ಜಾಗದಲ್ಲಿ ಶಾಯಿ ಸುಮ್ಮನೆ ಮೇಲೆ ಒಣಗಿದೆ. ಅದನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ, ಆಮೇಲೆ ಚಿಟಿಕೆ ಚಾಕ್ ಪುಡಿಯನ್ನು ಒದ್ದೆ ಬಟ್ಟೆಗೆ ಹಾಕಿ ಹಗುರವಾಗಿ ಸವರಿ ತೆಗೆಯಬಹುದು. ಸೀಮೆಸುಣ್ಣವನ್ನು ನುಣ್ಣಗೆ ಪುಡಿಮಾಡಿ ಜರಡಿ ಹಿಡಿದುಕೊಳ್ಳಿ, ಒಂದು ಹರಳು ಉಳಿದರೂ ಗೀರು ಬೀಳುತ್ತದೆ. ಲೇಪ ಸವೆದು ಹಿತ್ತಾಳೆ ಕಾಣುವ ಜಾಗದಲ್ಲಿ ಮಾತ್ರ ಶಾಯಿಯೊಳಗಿನ ಬೆಳ್ಳಿ ಹಿತ್ತಾಳೆಯ ಮೇಲೆ ಕೂತಿದೆ. ತಾಮ್ರದ ತಂತಿಯನ್ನು ಸಿಲ್ವರ್ ನೈಟ್ರೇಟಿನಲ್ಲಿ ಇಳಿಬಿಟ್ಟರೆ ಬೆಳ್ಳಿ ಬೆಳೆಯುವುದನ್ನು ಲ್ಯಾಬಿನಲ್ಲಿ ತೋರಿಸುತ್ತೇವಲ್ಲ, ಅದೇ ಕ್ರಿಯೆ. ಅದು ಚಾಕಿಗೆ ಬಗ್ಗದಿದ್ದರೆ ಹಿತ್ತಾಳೆ ಪಾಲಿಶ್‌ನ ಒಂದು ಚುಕ್ಕೆಯನ್ನು ಬೆಂಕಿಕಡ್ಡಿಗೆ ಸುತ್ತಿದ ಹತ್ತಿಯಲ್ಲಿ ಹಚ್ಚಿ ಆ ಜಾಗಕ್ಕಷ್ಟೇ ತಾಗಿಸಿ, ತಕ್ಷಣ ಒರೆಸಿ. ಹಿಂದಿನ ಫೋಟೋಗ್ರಾಫರುಗಳು ಬೆಳ್ಳಿಯ ಕಲೆಗೆ ಅಯೋಡಿನ್ ಹಚ್ಚಿ ಹೈಪೋದಲ್ಲಿ, ಅಂದರೆ ಫೋಟೋ ತೊಳೆಯಲು ಬಳಸುವ ಸೋಡಿಯಂ ಥಯೋಸಲ್ಫೇಟ್ ದ್ರಾವಣದಲ್ಲಿ, ತೊಳೆಯುತ್ತಿದ್ದರು. ಅಯೋಡಿನ್ ಲೋಹವನ್ನು ತಿನ್ನುತ್ತದೆ, ಪೆನ್ನಿಗೆ ಅದು ಆಗದು.

ಪ್ರಶ್ನೆ: ಕೆಂಪು ಬಣ್ಣದ ಅಲ್ಯೂಮಿನಿಯಂ ಪೆನ್ನಿಗೆ ಕಪ್ಪು ಮಸಿ ಹತ್ತಿದೆ. ವಾಷಿಂಗ್ ಸೋಡಾ ಹಾಕಬಹುದೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಹಾಕಬೇಡಿ. ಆ ಕೆಂಪು, ಮೇಲೆ ಬಳಿದ ಪೇಂಟ್ ಅಲ್ಲ. ವಿದ್ಯುತ್ ಹಾಯಿಸಿ ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪದರ ಬೆಳೆಸಿ, ಅದರ ಸೂಕ್ಷ್ಮ ರಂಧ್ರಗಳಿಗೆ ಬಣ್ಣ ಕುಡಿಸಿ, ಬಾಯಿ ಮುಚ್ಚಿರುತ್ತಾರೆ. ಸೋಡಾದಂಥ ಕ್ಷಾರ ಆ ಪದರವನ್ನೇ ಕರಗಿಸುತ್ತದೆ, ಕೆಂಪು ಹೋಗಿ ಬೂದು ಮೈ ಹೊರಬರುತ್ತದೆ. ಪಾತ್ರೆ ತೊಳೆಯುವ ದ್ರವದ ಹನಿ, ನೀರು, ಮೃದು ಬ್ರಷ್ ಇಷ್ಟೇ ಸಾಕು. ಗೀರಿನೊಳಗೆ ಹೊಕ್ಕ ಕಪ್ಪು ಹೋಗದಿದ್ದರೆ ಹಾಗೇ ಬಿಡಿ, ಬೆಳ್ಳಗಿನ ಗೀರಿಗಿಂತ ಅದು ಕಡಿಮೆ ಕಾಣುತ್ತದೆ.

ಪ್ರಶ್ನೆ: ಬೆಳ್ಳಿ ಪೆನ್ನು ಬೀರುವಿನಲ್ಲೇ ಇತ್ತು, ಮಸಿಯನ್ನೇ ತುಂಬಿರಲಿಲ್ಲ. ಆದರೂ ಮೈಯೆಲ್ಲ ಕಪ್ಪು. ಎಲ್ಲಿಂದ ಬಂತು?
— ಓದುಗರೊಬ್ಬರು, ಸಾಗರ

ಉತ್ತರ: ಗಾಳಿಯಲ್ಲಿರುವ ಗಂಧಕದಿಂದ. ಪೆನ್ನಿನ ಜೊತೆ ರಬ್ಬರ್ ಬ್ಯಾಂಡ್ ಅಥವಾ ಉಣ್ಣೆ ಬಟ್ಟೆ ಇಟ್ಟಿದ್ದೀರಾ ನೋಡಿ, ಎರಡರಲ್ಲೂ ಗಂಧಕ ಇರುತ್ತದೆ. ಬೆಳ್ಳಿ ಒರೆಸಲೆಂದೇ ಸಿಗುವ ಬಟ್ಟೆಯಿಂದ ಒರೆಸಿ. ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರಿನ ಉಪಾಯ ಬೆಳ್ಳಿಯ ತಟ್ಟೆಗೆ ಸರಿ. ಪೆನ್ನಿಗೆ ಮಾಡಿದರೆ ಬಿಸಿನೀರು ಸಂದಿಗಳಿಗೆ ಇಳಿಯುತ್ತದೆ, ಕೆತ್ತನೆಯ ಆಳದಲ್ಲಿ ಬೇಕೆಂದೇ ಉಳಿಸಿದ ಕಪ್ಪೂ ಹೋಗಿ ಚಿತ್ತಾರ ಮಸುಕಾಗುತ್ತದೆ.

ಪ್ರಶ್ನೆ: ನನ್ನ ಪೆನ್ನಿನ ಕಲೆ ತೊಳೆದರೂ ಹೋಗಲಿಲ್ಲ, ಉಗುರಿಗೆ ತಗ್ಗು ಸಿಗುತ್ತದೆ. ಪ್ಲೇಟಿಂಗ್ ಮಾಡಿಸಿದರೆ ಹೊಸದಾಗುತ್ತದೆ ಎನ್ನುತ್ತಾರೆ. ಕ್ಯಾಪಿನ ಮೇಲೆ ನಮ್ಮ ಮಾವನವರ ಹೆಸರು ಕೆತ್ತಿದೆ. ಮಾಡಿಸಲೇ?
— ಓದುಗರೊಬ್ಬರು, ಉಡುಪಿ

ಉತ್ತರ: ಕ್ಯಾಪಿಗೆ ಮಾಡಿಸಬೇಡಿ. ಹೊಸ ಲೇಪ ಹಾಕುವ ಮುನ್ನ ಹಳೆಯದನ್ನು ತೆಗೆದು, ಗುಳಿ ಮಾಯವಾಗುವ ತನಕ ಚಕ್ರಕ್ಕೆ ಹಿಡಿದು ಪಾಲಿಶ್ ಮಾಡುತ್ತಾರೆ. ಅದರಲ್ಲಿ ಹೆಸರಿನ ಅಕ್ಷರಗಳು ಮೊದಲು ಹೋಗುತ್ತವೆ. ಮಾವನವರ ಹೆಸರಿಗಿಂತ ಹೊಳಪು ದೊಡ್ಡದಲ್ಲ ಎಂದು ನನ್ನ ಅಭಿಪ್ರಾಯ. ತಗ್ಗು ಇರುವುದು ಹಿಡಿಯುವ ಜಾಗದಲ್ಲಾದರೆ ಆ ತುಂಡಿಗೆ ಮಾತ್ರ ಮಾಡಿಸಬಹುದು. ನಿಬ್ಬು, ಫೀಡು, ಕನ್ವರ್ಟರ್, ಒಳಗಿನ ಪ್ಲಾಸ್ಟಿಕ್ ಎಲ್ಲವನ್ನೂ ಪೆನ್ನು ರಿಪೇರಿ ಬಲ್ಲವರಿಂದ ಬಿಚ್ಚಿಸಿ, ಬರಿಯ ಲೋಹದ ಭಾಗವನ್ನಷ್ಟೇ ಪ್ಲೇಟಿಂಗ್‌ನವರ ಕೈಗೆ ಕೊಡಿ. ತಿರುಪಿನ ಹಲ್ಲುಗಳ ಮೇಲೆ ಲೇಪ ದಪ್ಪ ಬೀಳದಂತೆ ನೋಡಿಕೊಳ್ಳಲು ಹೇಳಿ, ಇಲ್ಲವಾದರೆ ಪೆನ್ನು ಮತ್ತೆ ಜೋಡಣೆಯಾಗುವುದಿಲ್ಲ. ಅಲ್ಲಿಯ ತನಕ, ಕಡಲ ಗಾಳಿಯ ಊರಾದ್ದರಿಂದ, ಬರೆದಾದ ಮೇಲೆ ಒಣ ಬಟ್ಟೆಯಿಂದ ಒರೆಸಿ ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಇಡಿ.